ಎಡಗಡೆ ಇಲ್ಲದ ಎಂಟು ತಿಂಗಳು

ಮೊದಲು ಹೋದದ್ದು ಕಾರಿನ ಎಡಗಡೆಯ ಮಿರರ್. ಲಿವರ್‌ಮೋರ್‌ನ ನಮ್ಮ ಮನೆಯ ಗ್ಯಾರೇಜಿನ ಕಂಬಕ್ಕೆ ತಾಗಿ ಮುರಿಯಿತು. ಹೊಸದು ಹಾಕಿಸಿದೆ. ಮುಂದಿನ ವಾರ ಅದೂ ಹೋಯಿತು. ಇಪ್ಪತ್ತಾರು ವರ್ಷ ಪ್ರತಿ ಶನಿವಾರ ಸ್ಟಾಕ್ ಕಾರ್ ರೇಸ್ ಓಡಿಸಿದವನು ನಾನು. ಪಕ್ಕದ ಕಾರಿಗೂ ನನಗೂ ನಡುವೆ ಒಂದು ಗೇಣು ಜಾಗವಿದ್ದರೂ ಹೆದರಿದವನಲ್ಲ. ನನ್ನದೇ ಗ್ಯಾರೇಜಿನ ಕಂಬ ಕಾಣಲಿಲ್ಲ ಎಂದು ಯಾರಿಗೆ ಹೇಳಲಿ? ಕಂಬವನ್ನೇ ಬೈದೆ.

ಹೆಂಡತಿ ಸುಧಾ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು.

ಅಲ್ಲಿ ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತಬೇಕು. ಒತ್ತಿದೆ. ಬಂದ ಚಿತ್ರದಲ್ಲಿ ಎರಡೂ ಕಣ್ಣಿಗೆ ಎಡಗಡೆಯ ಅರ್ಧ ಪೂರ್ತಿ ಕಪ್ಪು. ಮಷಿನ್ ಕೆಟ್ಟಿದೆ ಎಂದೆ. ಇನ್ನೊಮ್ಮೆ ಮಾಡಿದರು.

ಮಷಿನ್ ಕೆಟ್ಟಿರಲಿಲ್ಲ.

ಎಂಆರ್‌ಐ ಆಯಿತು. ನ್ಯೂರಾಲಜಿಸ್ಟ್ ಮೈಸೂರಿನವರು. "ಕಣ್ಣು ಚೆನ್ನಾಗೇ ಇದೆ ಸಾರ್. ಮೆದುಳಿನ ಹಿಂಭಾಗದಲ್ಲಿ ಸ್ಟ್ರೋಕ್ ಆಗಿದೆ. ಹಳೇದು, ಎಂಟು ತಿಂಗಳಾಗಿರಬಹುದು" ಎಂದರು. ಹೋದ ಮೇ ತಿಂಗಳಲ್ಲಿ ತಲೆನೋವೆಂದು ಎರಡು ದಿನ ಮಲಗಿದ್ದೆ. ಹೆಲ್ಮೆಟ್ಟಿನ ಬಿಸಿಗೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅದಾದ ಮೇಲೆ ದಿನವೂ ಫ್ರೀವೇನಲ್ಲಿ ಫಾಸ್ಟರ್ ಸಿಟಿಯ ಆಫೀಸಿಗೆ ಹೋಗಿ ಬಂದಿದ್ದೆ.

"ಅಲ್ಲ, ಅದಾದ್ಮೇಲೂ ಹೋದ ಸೀಸನ್ನಲ್ಲಿ ಎರಡು ರೇಸ್ ಗೆದ್ದಿದ್ದೀನಿ" ಎಂದೆ. "ಹೇಗೆ?" ಎಂದರು ಡಾಕ್ಟರು. ಸುಧಾ ತಲೆ ತಗ್ಗಿಸಿದಳು.

ನಮ್ಮ ಟ್ರ್ಯಾಕು ಮೊಟ್ಟೆಯಾಕಾರದ್ದು, ತಿರುವೆಲ್ಲ ಎಡಕ್ಕೇ. ಬೆಲ್ಟು ಬಿಗಿದ ಡ್ರೈವರ್ ಕತ್ತು ಹೊರಳಿಸುವಂತಿಲ್ಲ. ಅದಕ್ಕೇ ಪ್ರತಿ ತಂಡಕ್ಕೂ ಒಬ್ಬ ಸ್ಪಾಟರ್. ಪ್ರೇಕ್ಷಕರ ಮೆಟ್ಟಿಲ ಮೇಲೆ ನಿಂತು, ಪಕ್ಕದಲ್ಲಿ ಯಾರಿದ್ದಾರೆಂದು ರೇಡಿಯೋದಲ್ಲಿ ಹೇಳುತ್ತಿರಬೇಕು. ನನ್ನ ಸ್ಪಾಟರ್ ಸುಧಾ. ಎದುರಾಳಿಗಳು ಕದ್ದು ಕೇಳುತ್ತಾರೆಂದು ನಮ್ಮ ರೇಡಿಯೋ ಕನ್ನಡದಲ್ಲಿ. "ಒಳಗೊಬ್ಬ ಇದಾನೆ. ಇದಾನೆ. ಹೋದ, ಇಳೀರಿ." ಒಳಗೆ ಎಂದರೆ ಎಡಗಡೆ, ಇಳಿಯುವುದೆಂದರೆ ಆ ಕಡೆಗೆ ಸರಿಯುವುದು. ಹಿಂದೆಲ್ಲ ಅವಳ ಅರ್ಧ ಮಾತು ಕೇಳಿ, ಇನ್ನರ್ಧಕ್ಕೆ ಜಗಳವಾಡುತ್ತಿದ್ದೆ. ಆ ಸೀಸನ್ನಿನಲ್ಲಿ ಮಾತ್ರ ಅವಳು ಹೇಳಿದ್ದನ್ನೆಲ್ಲ ಕೇಳಿದೆ. ವಯಸ್ಸಿಗೆ ತಕ್ಕ ಬುದ್ಧಿ ಬಂತೆಂದು ಇಬ್ಬರಿಗೂ ಖುಷಿಯಾಗಿತ್ತು.

ಹೋದ ನೋಟ ವಾಪಸು ಬರುವುದಿಲ್ಲ, ಡ್ರೈವಿಂಗ್ ಬಂದ್ ಎಂದರು ಡಾಕ್ಟರು.

ಮನೆಗೆ ಬಂದು ಸುಧಾಳನ್ನು ಅಂಗಲಾಚಿದೆ. "ರಸ್ತೇಲಿ ಬೇಡ. ಟ್ರ್ಯಾಕಲ್ಲಿ ನೀನಿದೀಯಲ್ಲ. ಒಂದೇ ಸೀಸನ್ನು. ಯಾರಿಗೂ ಗೊತ್ತಾಗಲ್ಲ."

"ಹೋದ ಸಲ ಗೊತ್ತಿಲ್ದೆ ಮಾಡಿದ್ದು. ನಾನು ಒಂದ್ಸಲ ತಡವಾಗಿ ಹೇಳಿದ್ರೆ ಯಾರೋ ಸಾಯ್ತಾರೆ."

"ಎರಡು ರೇಸ್ ಗೆದ್ದಿಲ್ವಾ?"

"ಗೆದ್ದಿದ್ದು ನಾನು. ನೀವು ಸ್ಟೀರಿಂಗ್ ಹಿಡ್ಕೊಂಡಿದ್ರಿ, ಅಷ್ಟೆ."

ಮೂರು ದಿನ ಮಾತು ಬಿಟ್ಟೆ. ಸಿಟ್ಟು ಅವಳು ಅಂದದ್ದಕ್ಕಲ್ಲ, ಅದು ನಿಜವಾಗಿದ್ದಕ್ಕೆ. ಆಮೇಲಿನ ದಿನಗಳು ಸಿಟ್ಟಿನಲ್ಲೇ ಕಳೆದವು. ತಟ್ಟೆಯ ಎಡಗಡೆಯ ಪಲ್ಯ ಹಾಗೇ ಉಳಿಯುತ್ತಿತ್ತು. ಗ್ರೋಸರಿಗೂ ಯಾರಾದರೂ ಕರೆದುಕೊಂಡು ಹೋಗಬೇಕು. ದೇವಸ್ಥಾನದಲ್ಲಿ ಸಿಕ್ಕವರು "ಸದ್ಯ, ರೇಸ್ ಬಿಟ್ರಲ್ಲ" ಎನ್ನುತ್ತಿದ್ದರು, ಕಾಯಿಲೆ ಬಂದು ಉಪಕಾರ ಮಾಡಿದ ಹಾಗೆ.

ಮಾರ್ಚಿನಲ್ಲಿ ಡೆನಿಸ್ ಫೋನ್ ಮಾಡಿದ. ಹದಿನೈದು ವರ್ಷ ನನ್ನ ಬಂಪರಿಗೆ ಅಂಟಿಕೊಂಡೇ ಓಡಿಸಿದ ಎದುರಾಳಿ. ಆರೋಗ್ಯ ವಿಚಾರಿಸಿದ. ಆಮೇಲೆ ಫೋನ್ ಸುಧಾಗೆ ಕೊಡು ಎಂದ. ಅವನಿಗೆ ಸ್ಪಾಟರ್ ಬೇಕಿತ್ತಂತೆ.

"ನಿಮಗೆ ಬೇಜಾರಾದ್ರೆ ಬೇಡ ಅಂತೀನಿ" ಎಂದಳು ಸುಧಾ. ಅವಳ ಮುಖದಲ್ಲಿ ಆಸೆ ಇತ್ತು. ನನಗೆ ಮೈಯೆಲ್ಲ ಉರಿಯಿತು. ಹೋಗು ಎನ್ನುವುದಕ್ಕೆ ಒಂದು ದಿನ ಬೇಕಾಯಿತು.

ಸೀಸನ್ನಿನ ಮೊದಲ ರೇಸಿಗೆ ಅವಳ ಜೊತೆ ಹೋದೆ. ಕಾರು ಓಡಿಸಿದ್ದು ಅವಳೇ. ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತೆ. ಅವಳು ನಾಲ್ಕು ಸಾಲು ಮೇಲೆ, ಹೆಡ್‌ಸೆಟ್ ಹಾಕಿಕೊಂಡು ನಿಂತಿದ್ದಳು. ನನಗೆ ಥೆರಪಿಸ್ಟ್ ಕಲಿಸಿದ್ದಾರೆ: ಪೂರ್ತಿ ಕಾಣಬೇಕಾದರೆ ಕತ್ತನ್ನು ಎಡಕ್ಕೆ ಇನ್ನಷ್ಟು ತಿರುಗಿಸಬೇಕು. ತಿರುಗಿಸಿದೆ. ಇಪ್ಪತ್ತಾರು ವರ್ಷದಲ್ಲಿ ಅವಳು ಕೆಲಸ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕಾರುಗಳು ಕೆಳಗೆ ಸುತ್ತುತ್ತಿದ್ದವು. ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಒಂದು ಕೈ ರೇಲಿಂಗ್ ಹಿಡಿದಿತ್ತು, ಬೆರಳೆಲ್ಲ ಬಿಳಿಚಿಕೊಂಡಿದ್ದವು.

ಡೆನಿಸ್ ಎಷ್ಟನೆಯವನಾಗಿ ಬಂದನೆಂದು ಆಮೇಲೆ ಅವಳನ್ನೇ ಕೇಳಬೇಕಾಯಿತು.