ನಾಲ್ಕು ಚಕ್ರದ ಬಲವೂ ಚಿಕ್ಕತಾಯಮ್ಮನ ತೂಕವೂ

ನನ್ನ ತಮ್ಮ ನಾಗರಾಜ ಕೆಸರಿನಲ್ಲಿ ಅಂಗಾತ ಮಲಗಿದ್ದ. ಅವನ ಮೇಲೆ ಜೀಪು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮತ್ತು ಅವನ ಹೊಸ ಶೂ. ಅಡಿಯಿಂದ ದನಿ ಬಂತು.

"ಅಕ್ಕ, ಇದ್ರಲ್ಲಿ ಮುಂದ್ಗಡ ಶಾಫ್ಟೇ ಇಲ್ಲ ಕಣಕ್ಕ."

ಶಾಫ್ಟ್ ಅಂದರೆ ಏನು? ಅದು ಇಲ್ಲದಿದ್ದರೆ ಯಾರ ಗಂಟು ಹೋಯಿತು? ಮೇ ತಿಂಗಳ ಒಂದು ಭಾನುವಾರ, ಬಿಸಿ ಇಡ್ಲಿ ತಿನ್ನುವುದು ಬಿಟ್ಟು ನಾನು, ನಮ್ಮ ಮನೆಯವರು, ಈ ನಾಗರಾಜ ಮೂವರೂ ತಾಳಮಲೆ ದಾರಿಯ ಹಳ್ಳದಲ್ಲಿ ಏನು ಮಾಡುತ್ತಿದ್ದೆವು? ಹೇಳುತ್ತೇನೆ. (ಕಾರು ಗೀರು ನಮಗ್ಯಾಕೆ ಎನ್ನುವ ಅಕ್ಕತಂಗಿಯರು ಪುಟ ತಿರುಗಿಸಬೇಡಿ. ಇದರಲ್ಲಿ ಗಂಡನ ವಿಷಯವೂ ಇದೆ.)

ನಾನು ತಾಳಮಲೆಯಲ್ಲಿ ಟೀಚರು. ಮನೆ ತಾಳವಾಡಿಯಲ್ಲಿ. ಎರಡೂ ತಮಿಳುನಾಡಿಗೆ ಸೇರಿದ, ಕನ್ನಡ ಮಾತಾಡುವ ಊರುಗಳು. ನಡುವೆ ಕಾಡು. ಬೆಲ್ಲು ಹೊಡೆಯುವ ಮುಂಚೆ ತಲುಪಿಸುವ ಬಸ್ಸು ಇರುವುದು ಒಂದೇ. ಮಳೆ ಬಂದರೆ ಅದು ಹಳ್ಳದವರೆಗೆ ಬಂದು, ಆಚೆ ದಡದ ಕೆಮ್ಮಣ್ಣಿನ ಏರನ್ನು ಒಂದು ಸಲ ನೋಡಿ, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿಬಿಡುತ್ತದೆ. ಅಲ್ಲಿಂದ ಮುಂದೆ ನಟರಾಜ ಸರ್ವಿಸ್. ಆನೆ ಓಡಾಡುವ ದಾರಿಯಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು.

ಇನ್ನೊಂದು ಸ್ವಾರಸ್ಯ. "ಆನೆ ಅಡ್ಡ ಬಂತು ಸಾರ್" ಎಂದರೆ ನಮ್ಮ ಹೆಡ್‌ಮಾಸ್ಟರು ಅಯ್ಯೋ ಪಾಪ ಎನ್ನುತ್ತಾರೆ. "ಬಸ್ಸು ಬರಲಿಲ್ಲ ಸಾರ್" ಎಂದರೆ ನಂಬುವುದಿಲ್ಲ!

ಮೇ ತಿಂಗಳ ಕೊನೆಗೆ ವರ್ಗಾವಣೆಯ ಕೌನ್ಸೆಲಿಂಗ್ ಇತ್ತು. ಕೆಳಗೆ ಸತ್ಯಮಂಗಲದಲ್ಲಿ ಒಂದು ಜಾಗ ಖಾಲಿ ಇದೆ, ಶಾಲೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ, ಕೈ ಎತ್ತಿದರೆ ನಿನಗೇ ಎಂದು ಗೆಳತಿಯೊಬ್ಬಳು ಆಸೆ ಹುಟ್ಟಿಸಿದ್ದಳು. ನನಗೆ ಹೋಗಲು ಇಷ್ಟವಿರಲಿಲ್ಲ. ತಾಳಮಲೆಯಲ್ಲಿ ಕನ್ನಡ ಕಲಿಸುವವಳು ನಾನೊಬ್ಬಳೇ. ನಾನು ಘಾಟಿ ಇಳಿದು ಹೋದರೆ ಇನ್ನೊಬ್ಬರು ಹತ್ತಿ ಬರುತ್ತಾರೆಂಬ ನಂಬಿಕೆ ನನಗಂತೂ ಇಲ್ಲ. ಹೋದ ವರ್ಷವಿಡೀ ಗಂಟಲು ಹರಿದುಕೊಂಡು ಒತ್ತಕ್ಷರ ಕಲಿಸಿದ್ದೇನೆ. ಅದನ್ನು ಹಾಗೇ ಬಿಟ್ಟು ಹೋಗುವುದೆಂದರೆ ಹೊಟ್ಟೆ ಉರಿಯುವುದಿಲ್ಲವೇ? ಆದರೆ ಇನ್ನೊಂದು ಮಳೆಗಾಲ ಆ ಏರಿನಲ್ಲಿ ಜಾರುತ್ತಾ ನಡೆಯುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಕೊನೆಗೆ ಒಂದು ಗಾಡಿ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅದು ಏರು ಹತ್ತಿದರೆ ತಾಳಮಲೆ, ಹತ್ತದಿದ್ದರೆ ಸತ್ಯಮಂಗಲ.

ಸರಿ, ಯಾವ ಗಾಡಿ? ಅಲ್ಲಿ ಶುರುವಾಯಿತು ನೋಡಿ ಮಹಾಯುದ್ಧ.

ನಾಗರಾಜನದು ಚಾಮರಾಜನಗರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಬೇರೆಯವರು ವಾರಭವಿಷ್ಯ ಓದಿದ ಹಾಗೆ ಅವನು ಕಾರಿನ ಇಂಗ್ಲಿಷ್ ಮ್ಯಾಗಜೀನು ಓದುತ್ತಾನೆ. ಆ ತಿಂಗಳ ಸಂಚಿಕೆಯಲ್ಲಿ ಎರಡು ಫಾರಿನ್ ಹ್ಯಾಚ್‌ಬ್ಯಾಕುಗಳ ಜಟಾಪಟಿ. (ಹ್ಯಾಚ್‌ಬ್ಯಾಕ್ ಅಂದರೆ ಹಿಂದೆ ಡಿಕ್ಕಿ ಚಾಚಿಕೊಂಡಿರದ, ಹಿಂಬಾಗಿಲು ಮೇಲಕ್ಕೆ ಎತ್ತುವ ಪುಟ್ಟ ಕಾರು.) ಒಂದು ಕೆಂಪು, ಒಂದು ನೀಲಿ. ಕೆಂಪಿನಲ್ಲಿ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ, ನೀಲಿಯಲ್ಲಿ ಹಿಂದಿನ ಎರಡಕ್ಕೆ ಮಾತ್ರ. ದಿನದ ಓಡಾಟಕ್ಕೆ ಯಾವುದು ವಾಸಿ ಎಂದು ಪುಟಗಟ್ಟಲೆ ಚರ್ಚೆ. ಪಟದಲ್ಲಿ ಕೆಂಪು ಕಾರು ಹಿಮದ ಮೇಲೆ ನಿಂತಿತ್ತು.

"ಸ್ಪೀಡು ಸೊನ್ನೆಯಿಂದ ನೂರಕ್ಕ ಆರೇ ಸೆಕೆಂಡು ಕಣಕ್ಕ," ಎಂದ.

"ನಮ್ಮ ದಾರೀಲಿ ನೂರು ಎಲ್ಲಿ ಮುಟ್ಟೋದಪ್ಪ?"

"ಮುಟ್ಬೇಕು ಅಂತಲ್ಲ. ಮುಟ್ಬೌದು ಅಂತ."

ಆ ಕಾರುಗಳು ನಮ್ಮ ದೇಶಕ್ಕೇ ಬಂದಿರಲಿಲ್ಲ, ಬಂದಿದ್ದರೂ ನಾವು ಮುಟ್ಟುವ ಹಾಗಿರಲಿಲ್ಲ. ಆದರೆ ಜಗಳಕ್ಕೆ ಕಾರು ಬೇಕೇ? ಪಟ ಸಾಕು. ನಾಗರಾಜ ನಾಲ್ಕು ಚಕ್ರದ ಪಾರ್ಟಿ. ನಮ್ಮ ಮನೆಯವರು ಕೋಸು, ಬೆಳ್ಳುಳ್ಳಿ ಬೆಳೆಯುವ ರೈತರು, ಟ್ರ್ಯಾಕ್ಟರ್ ಓಡಿಸಿ ಪಳಗಿದವರು. ಅವರದು ಹಿಂದಿನ ಚಕ್ರದ ಪಾರ್ಟಿ.

"ಎಳಿಯದು ಎತ್ತಿನ ಕೆಲ್ಸ ಕಣ್ಲಾ. ಗಾಡಿ ಅಂದ್ರ ಇಂದ್ಲಿಂದ ತಳ್ಬೇಕು," ಎಂದರು ಇವರು.

"ಬಾವ, ಹಸ ಬೆಟ್ಟ ಅತ್ತದಲ್ಲ, ಎರಡು ಕಾಲಲ್ಲಿ ಅತ್ತದಾ? ನಾಕೂ ಊರಲ್ವಾ?"

"ಮೊಲ ನೋಡ್ಲಾ. ಇಂದ್ಲ ಕಾಲಲ್ಲೇ ಎಗರದು ಅದು."

ಹಸು, ಮೊಲ, ಕುದುರೆ, ಕಪ್ಪೆ. ಊಟಕ್ಕೆ ಕುಳಿತಾಗಲೆಲ್ಲ ಒಂದೊಂದು ಪ್ರಾಣಿ ಬಂದು ಹೋಯಿತು. ದಿನಾ ಆ ಗಾಡಿ ಓಡಿಸಬೇಕಾದವಳು ನಾನು. ನಮ್ಮ ಟ್ರ್ಯಾಕ್ಟರಿನಲ್ಲೇ ಸ್ಟೀರಿಂಗ್ ಹಿಡಿಯುವುದು ಕಲಿತವಳು, ಲೈಸೆನ್ಸೂ ಇದೆ. ನಿನಗೆ ಯಾವುದು ಬೇಕು ಎಂದು ಒಬ್ಬರಾದರೂ ಕೇಳಿದರೇ? ನಾನು ಸಾರು ಬಡಿಸುತ್ತಿದ್ದೆ.

ಕೊನೆಗೆ ಫಾರಿನ್ನಿನಿಂದ ಇಬ್ಬರೂ ನಮ್ಮ ಸೀಮೆಗೆ ಇಳಿದರು. ಹಾಸನೂರಿನ ಕಡೆಯ ಒಬ್ಬ ಯಜಮಾನರ ಹಳೇ ಜೀಪನ್ನು ನಾಗರಾಜ ಹಿಡಿದು ತಂದ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಜೀಪು, ಅದಕ್ಕೆಂದೇ ಗೇರಿನ ಪಕ್ಕದಲ್ಲಿ ಇನ್ನೊಂದು ಕುಳ್ಳ ಲಿವರು. ಇವರು ಚಾಮರಾಜನಗರದ ಹೂವಿನ ವ್ಯಾಪಾರಿಯೊಬ್ಬರ ವ್ಯಾನು ತಂದರು. ಹಿಂದಿನ ಚಕ್ರದ ಬಲದ್ದು. ಹೂವಿನ ಮೂಟೆ ಹಾಕಲು ಹಿಂದಿನ ಸೀಟು ಬಿಚ್ಚಿಹಾಕಿದ್ದರು. ಬಾಗಿಲು ತೆರೆದರೆ ಚೆಂಡು ಹೂವಿನ ವಾಸನೆ. ಎರಡೂ ಒಂದು ದಿನದ ಟ್ರಯಲ್ಲಿಗೆ. ಏರು ಹತ್ತಿದ್ದನ್ನು ಇಟ್ಟುಕೊಳ್ಳುವುದು, ಇನ್ನೊಂದನ್ನು ವಾಪಸು ಕಳಿಸುವುದು ಎಂದು ಮಾತಾಯಿತು.

ಶನಿವಾರ ಮಳೆ ಹೊಡೆಯಿತು. ಭಾನುವಾರ ಬೆಳಗ್ಗೆ ಏರು ಹರಳೆಣ್ಣೆ ಸುರಿದ ಹಾಗೆ ಹೊಳೆಯುತ್ತಿತ್ತು.

ಮೊದಲು ಜೀಪು. ನಾಗರಾಜ ಕುಳ್ಳ ಲಿವರನ್ನು ಎಳೆದು, ನಮ್ಮ ಕಡೆ ನೋಡಿ ನಕ್ಕು, ಹೊರಟ. ಜೀಪು ಏರಿನ ಕಾಲುಭಾಗವೂ ಹತ್ತಲಿಲ್ಲ. ಹಿಂಭಾಗ ಅಡ್ಡಡ್ಡ ಜಾರಿ ಚರಂಡಿಗೆ ಕುಳಿತಿತು. ಅವನು ಲಿವರನ್ನು ಆಚೆ ಎಳೆದ, ಈಚೆ ಎಳೆದ. ಮುಂದಿನ ಚಕ್ರಗಳು ಮಾತ್ರ ನಮಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಸುಮ್ಮನಿದ್ದವು. ಆಗಲೇ ಅವನು ಅಡಿಗೆ ನುಗ್ಗಿದ್ದು. ಮುಂದಿನ ಚಕ್ರಗಳಿಗೆ ಬಲ ತಲುಪಿಸುವ ಉದ್ದನೆಯ ಕಬ್ಬಿಣದ ಶಾಫ್ಟೇ ಇರಲಿಲ್ಲ.

ಸಿಗ್ನಲ್ಲು ಸಿಗುವ ಬಂಡೆ ಹತ್ತಿ ನಾಗರಾಜ ಯಜಮಾನರಿಗೆ ಫೋನು ಹಚ್ಚಿದ. ಕೋಪಕ್ಕೆ ಸ್ಪೀಕರು ಹಾಕಿದ್ದರಿಂದ ನಮಗೂ ಕೇಳಿಸಿತು.

"ಅದ ಬಿಚ್ಚಿಸ್ಬುಟ್ಟೆ ಕಣಪ್ಪ. ಡೀಸಲ್ಲು ಬೋ ಕುಡೀತಿತ್ತು. ಶಾಫ್ಟೇನು ಎಲ್ಲೂ ಓಗಿಲ್ಲ, ಕೊಟ್ಟಿಗೇಲಿ ನೆಟ್ಟು ಹಸ ಕಟ್ಟಿವ್ನಿ."

"ಮತ್ತ ನಾಕ್ ಚಕ್ರದ ಜೀಪು ಅಂದ್ರಲ್ಲ?"

"ಎಣಿಸ್ಕೊ. ನಾಕೇ ಅವ."

ಇದು ನಮ್ಮ ಕಡೆಯ ರೂಢಿ. ನಾಲ್ಕು ಚಕ್ರದ ಬಲದ ಜೀಪು ಬೇಕೇ ಬೇಕು ಎಂದು ಹಟ ಮಾಡಿ ತರುವುದು, ತಂದ ಮೇಲೆ ಡೀಸೆಲ್ ಉಳಿಸಲು ಎರಡು ಚಕ್ರದ ಬಲ ಬಿಚ್ಚಿಸುವುದು. ಲಿವರು ಮಾತ್ರ ಇರಲಿ, ನೋಡಿದವರಿಗೆ ಚೆನ್ನ. (ಹೊಸ ಫ್ರಿಜ್ಜು ತಂದು ಕರೆಂಟು ಸುಡುತ್ತದೆಂದು ಆರಿಸಿ, ಅದರೊಳಗೆ ಸೀರೆ ಜೋಡಿಸಿಟ್ಟವರು ನನಗೆ ಗೊತ್ತು. ಹೆಸರು ಹೇಳುವುದಿಲ್ಲ.)

ನಮ್ಮ ಮನೆಯವರ ಮುಖ ನೋಡಬೇಕಿತ್ತು. ಮೀಸೆ ತೀಡಿಕೊಂಡು ವ್ಯಾನು ಹತ್ತಿದರು. ಅರ್ಧ ಏರಿನವರೆಗೆ ಬಂತು. ಆಮೇಲೆ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ, ಕೆಸರನ್ನೆಲ್ಲ ಹಿಂದೆ ನಿಂತಿದ್ದ ನಾಗರಾಜನ ಮೈಗೆ ಎರಚಿ, ಮೆಲ್ಲಗೆ ಹಿಂದಕ್ಕೆ ಜಾರಿದವು. ಇನ್ನೊಮ್ಮೆ. ಮತ್ತೊಮ್ಮೆ. ಪ್ರತಿ ಸಲವೂ ಅದೇ ಅರ್ಧ ಏರು.

ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆಗ ಅಳು ಬಂತು. ನಿಜವಾಗಿಯೂ ಅಳು. ಮುಗಿಯಿತು, ಇನ್ನು ಸತ್ಯಮಂಗಲವೇ ಗತಿ ಎನ್ನಿಸಿತು. ನನ್ನ ಒತ್ತಕ್ಷರದ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಇಬ್ಬರು ಗಂಡಸರೂ ನನ್ನ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಅಷ್ಟರಲ್ಲಿ ಮಳೆ ಹನಿಯಲು ಶುರುವಾಯಿತು. ಹಳ್ಳದ ಪಕ್ಕದ ಕಾಲೊನಿಯಿಂದ ಹೆಂಗಸರ ಒಂದು ಗುಂಪು ಬಂತು. ಏರಿನ ಮೇಲಿನ ಹೊಲಗಳಿಗೆ ದಿನಾ ಕೂಲಿಗೆ ಹೋಗುವವರು. ಮುಂದೆ ಚಿಕ್ಕತಾಯಮ್ಮ. ಅವಳದು ಒಳ್ಳೆಯ ದಪ್ಪ ಮೈಕಟ್ಟು, ಅದಕ್ಕೆ ತಕ್ಕ ದನಿ.

ನಮ್ಮ ಕಾಡುದಾರಿಯಲ್ಲಿ ನಿಂತ ಗಾಡಿ ಎಲ್ಲರದ್ದೂ. ಆನೆ ಓಡಾಡುವ ಕಡೆ ನಡೆದು ಹೋಗುವವರನ್ನು ಬಿಟ್ಟು ಹೋಗುವ ಪದ್ಧತಿಯೇ ಇಲ್ಲ. ಹಾಗಾಗಿ ಹತ್ತುವವರು ಕೇಳುವುದೂ ಇಲ್ಲ. ಚಿಕ್ಕತಾಯಮ್ಮ ವ್ಯಾನಿನ ಹಿಂಬಾಗಿಲು ಎತ್ತಿದಳು. ಕುಡುಗೋಲು, ಬುತ್ತಿ, ಮಳೆಗೆ ತಲೆ ಮೇಲೆ ಹೊದೆಯುವ ಪ್ಲಾಸ್ಟಿಕ್ ಗೊಪ್ಪೆ ಸಮೇತ ಎಲ್ಲರೂ ಒಳಗೆ ಸೇರಿ, ಸೀಟಿಲ್ಲದ ನೆಲದ ಮೇಲೆ ಒತ್ತೊತ್ತಾಗಿ ಕುಳಿತರು. ಜಾಗ ಸಾಲದೆ ಚಿಕ್ಕತಾಯಮ್ಮ ಕಟ್ಟಕಡೆಗೆ, ಬಾಗಿಲ ಅಂಚಿನಲ್ಲಿ ಕುಳಿತಳು.

"ಇಳೀರವ್ವ, ಗಾಡಿ ಟ್ರಯಲ್ ನಡೀತಾ ಅದ," ಎಂದರು ಇವರು.

"ನಡೀಲಿ ಬುಡಪ್ಪ. ನಾವು ಬ್ಯಾಡ ಅಂದವಾ?"

"ಖಾಲಿ ಗಾಡಿನೇ ಅತ್ನಿಲ್ಲ ಕಣವ್ವ. ನೀವ್ ಕುಂತ್ಕಂಡ್ರ ಅತ್ತದಾ?"

"ಅತ್ನಿಲ್ಲ ಅಂದ್ರ ಇಳೀತೀವಿ. ಮಳ ಬತ್ತಾ ಅದ, ಬಾಗ್ಲು ಆಕು."

ನನಗೆ ರೇಗಿತು. ಯಾರ ಮೇಲೆ ಎಂದು ಕೇಳಬೇಡಿ, ಎಲ್ಲರ ಮೇಲೂ. "ಇಳೀರಿ ನೀವು," ಎಂದು ಮನೆಯವರನ್ನು ಇಳಿಸಿ ಸ್ಟೀರಿಂಗಿಗೆ ನಾನು ಕುಳಿತೆ. ಹೇಗೂ ಹೋಗುವುದಿಲ್ಲ, ಒಂದು ಸಲ ನಾನೂ ಜಾರಿ ಮನೆಗೆ ಹೋಗೋಣ ಎಂದುಕೊಂಡು ಫಸ್ಟ್ ಗೇರು ಹಾಕಿದೆ. ವ್ಯಾನು ಅರ್ಧ ಏರಿಗೆ ಬಂತು. ಚಕ್ರ ನಿಂತಲ್ಲೇ ಗಿರಗಿರ ತಿರುಗಲಿಲ್ಲ, ಮಣ್ಣಿಗೆ ಕಚ್ಚಿಕೊಂಡಿತು. ಗೊರಗೊರ ಎನ್ನುತ್ತಾ ಮುಕ್ಕಾಲಿಗೆ ಬಂತು. ನೆತ್ತಿಗೇ ಬಂತು.

ಹಿಂದೆ ಕುಳಿತವರಿಗೆ ಇದು ಗೊತ್ತೇ ಆಗಲಿಲ್ಲ. ಯಾರದೋ ಮನೆಯ ಸೊಸೆಯ ವಿಷಯ ನಡೆಯುತ್ತಿತ್ತು. ಹೊಲದ ಹತ್ತಿರ ಇಳಿದರು. "ಬತ್ತೀವಿ ಟೀಚರಮ್ಮ," ಎಂದು ಹೊರಟೇ ಹೋದರು. ನಾನು ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ನಗುತ್ತಾ ಕುಳಿತಿದ್ದೆ.

ಏದುಸಿರು ಬಿಡುತ್ತಾ ಇಬ್ಬರು ಪಂಡಿತರೂ ನಡೆದು ಹತ್ತಿ ಬಂದರು.

"ವೇಯ್ಟು ಕಣಕ್ಕ! ಇಂದ್ಲ ಚಕ್ರದ ಮ್ಯಾಲ ವೇಯ್ಟು ಬಿತ್ತು, ಗ್ರಿಪ್ಪು ಬಂತು. ಮ್ಯಾಗಜೀನಲ್ಲೇ ಅದ," ಎಂದ ನಾಗರಾಜ.

"ಇಂದ್ಲ ಚಕ್ರ ಅಂತ ನಾ ಮೊದ್ಲೇ ಏಳ್ನಿಲ್ವಾ?" ಎಂದರು ಇವರು.

ಇಬ್ಬರೂ ಗೆದ್ದರು. ಗಂಡಸರ ಜಗಳ ಹೀಗೇ ಅಲ್ಲವೇ ಮುಗಿಯುವುದು?

ನಾನು ಕೌನ್ಸೆಲಿಂಗಿಗೆ ಹೋಗಲಿಲ್ಲ. ವ್ಯಾನು ನಮ್ಮದಾಯಿತು. ಜೂನಿನಿಂದ ದಿನಾ ಬೆಳಗ್ಗೆ ಹಳ್ಳದ ಹತ್ತಿರ ಹೆಂಗಸರು ಕಾಯುತ್ತಾರೆ. ಟೀಚರಮ್ಮ ನಮ್ಮನ್ನು ಕರೆದುಕೊಂಡು ಹೋಗುತ್ತಾರೆ ಎಂದು ಅವರಿಗೆ ಸಂತೋಷ. ಈ ಹೆಂಗಸರು ನನ್ನನ್ನು ಶಾಲೆಗೆ ಮುಟ್ಟಿಸುತ್ತಾರೆ ಎಂದು ನನಗೆ ಸಂತೋಷ. ಯಾರಿಂದ ಯಾರಿಗೆ ಉಪಕಾರ, ನೀವೇ ಹೇಳಿ. ಒಬ್ಬಳು ಬರಲಿಲ್ಲವೆಂದರೆ ಈಗ ನನಗೆ ಕಳವಳ. "ಜ್ವರಾನಾ? ಮಾತ್ರೆ ತಗೊಂಡ್ಲಾ? ನಾಳೆ ಮಳೆ ಬರೋ ಹಂಗಿದೆ," ಎನ್ನುತ್ತೇನೆ. ಎಷ್ಟು ಒಳ್ಳೆಯವಳು ನಮ್ಮ ಟೀಚರು ಎಂದು ಊರೆಲ್ಲ ಹೊಗಳುತ್ತದೆ.

ಚಿಕ್ಕತಾಯಮ್ಮನಿಗೆ ಮಾತ್ರ ಒಂದು ತಕರಾರು. "ಬಿಸ್ಲಾದ್ರ ಮುಂದ ಕೂರಿಸ್ಕತೀಯ. ಮಳ ಬಂದ್ರ ಕಟ್ಟಕಡೀಗ ತಳ್ತೀಯಲ್ಲ ಟೀಚರಮ್ಮ, ಯಾಕ?" ಎಂದು ಕೇಳಿದಳು. ನಿನ್ನ ತೂಕದ ಮೇಲೆ ನನ್ನ ನೌಕರಿ ನಿಂತಿದೆ ಎಂದು ಒಬ್ಬ ಹೆಂಗಸಿಗೆ ಇನ್ನೊಬ್ಬ ಹೆಂಗಸು ಹೇಗೆ ಹೇಳುವುದು? ಗಾಳಿ ಚೆನ್ನಾಗಿ ಬರುತ್ತದೆ ಅಂತ ಕಣವ್ವ ಎಂದೆ.

ಅಷ್ಟು ದಿನದಲ್ಲಿ ಡ್ರೈವಿಂಗಿನಲ್ಲಿ ನಾನೇ ಪಳಗಿಬಿಟ್ಟಿದ್ದೇನೆ ಎಂಬ ಜಂಬವೂ ನನಗೆ ಬಂದಿತ್ತು. ಅದನ್ನು ಇಳಿಸಿದ್ದು ದೀಪಾವಳಿ ಮುಗಿದ ಕೂಡಲೇ ಬಂದ ಗುಮಟಾಪುರದ ಹಬ್ಬ. ಒಬ್ಬರ ಮೇಲೊಬ್ಬರು ಸಗಣಿ ಎರಚುವ ಆ ಆಟ ನೋಡಲು ಸುತ್ತಲಿನವರೆಲ್ಲ ಹೋಗಿದ್ದರು. ಹಳ್ಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದಿನ ದಿನ ಮಳೆ ಬೇರೆ ಬಂದಿತ್ತು. ನಾನೇನು ಕಡಿಮೆ ಎಂದು ಗೇರು ಹಾಕಿದೆ. ಅರ್ಧ ಏರು, ಗಿರಗಿರ, ಹಿಂದಕ್ಕೆ! ಗಾಡಿ ಬಿಟ್ಟು ಕೊಡೆ ಊರಿಕೊಂಡು ನಡೆದೆ. ಶಾಲೆ ಮುಟ್ಟಿದಾಗ ಮೊದಲ ಪಿರಿಯಡ್ಡು ಮುಗಿದಿತ್ತು.

"ಎನ್ನ ಟೀಚರ್, ಆನೆಯಾ?" ಎಂದರು ಹೆಡ್‌ಮಾಸ್ಟರು. ತಮಿಳಿನವರು (ಎನ್ನ ಅಂದರೆ ಏನು), ನನ್ನೊಂದಿಗೆ ಕನ್ನಡ ಬೆರೆಸಿ ಮಾತಾಡುತ್ತಾರೆ.

"ಇಲ್ಲ ಸಾರ್. ಇವತ್ತು ಗಾಡಿಗೆ ಜನ ಬರಲಿಲ್ಲ."

"ಬಸ್ಸು ಹೊರಡಲು ಜನ ಬೇಕು, ಸರಿ. ಸ್ವಂತ ಗಾಡಿಗೂ ಜನ ಬೇಕಾ?"

ಎಲ್ಲ ಬಿಡಿಸಿ ಹೇಳಿದೆ. ಹಿಂದಿನ ಚಕ್ರ, ಕೆಸರು, ಚಿಕ್ಕತಾಯಮ್ಮ. ಅವರು ಪೂರ್ತಿ ಕೇಳಿ ನಿಟ್ಟುಸಿರು ಬಿಟ್ಟರು. "ಆನೆ ಅಂತಾನೇ ಹೇಳಿ ಟೀಚರ್. ಅದಾದರೆ ನಂಬೋ ಹಾಗಿದೆ."

ಮೊನ್ನೆ ಭಾನುವಾರ ನಾಗರಾಜ ಹೊಸ ಮ್ಯಾಗಜೀನು ಹಿಡಿದು ಬಂದ. ಈಗ ಇನ್ನೊಂದು ಹ್ಯಾಚ್‌ಬ್ಯಾಕು ಬಂದಿದೆಯಂತೆ. ನಾಲ್ಕೂ ಚಕ್ರಕ್ಕೆ ಬಲ. ಯಾವ ಚಕ್ರ ಜಾರುತ್ತಿದೆ, ಯಾವುದಕ್ಕೆ ಎಷ್ಟು ಬಲ ಕೊಡಬೇಕು ಎಂದು ಒಳಗಿರುವ ಕಂಪ್ಯೂಟರೇ ತೀರ್ಮಾನಿಸುತ್ತದಂತೆ. ಬೆಟ್ಟವಾಗಲಿ, ಹಿಮವಾಗಲಿ, ಲೆಕ್ಕಕ್ಕೇ ಇಲ್ಲವಂತೆ. ನಾನು ಪಟವನ್ನು ಕೈಗೆ ತೆಗೆದುಕೊಂಡು ನೋಡಿದೆ. ಮುದ್ದಾಗಿಯೇ ಇತ್ತು.

"ಹಿಂದೆ ಎಷ್ಟು ಜನ ಕೂತ್ಕೋಬೌದೋ?" ಎಂದೆ.

"ಇಬ್ರು ಕಣಕ್ಕ. ಅದೂ ಕಾಲು ಮಡೀಕಂಡು."

"ಹಂಗಾದ್ರೆ ಅದು ತಾಳಮಲೆ ಹತ್ತಲ್ಲ ಬಿಡಪ್ಪ."