ಹುಲ್ಲು ಕೀಳುವ ಕುದುರೆಯವನು

ಕಲ್ಲು ಕಟ್ಟುವ ಮೇಸ್ತ್ರಿ ಗೋಡೆ ಮುಗಿಸಿ, "ಇದು ನಿಲ್ಲುತ್ತದೋ ಇಲ್ಲವೋ, ಒಂದು ಸಂಶಯ ಉಂಟು" ಎಂದರೆ ಮನೆಯವರು ಅವನನ್ನು ಅಂಗಳದಿಂದಲೇ ಓಡಿಸುತ್ತಾರೆ. ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು ಕಲ್ಲು ಹೊರಲು ಹೋದವನು. ಮುಳ್ಳೇರಿಯದ ಆಚೀಚೆ ನಾನು ಕಟ್ಟಿದ ಕಂಪೌಂಡುಗಳಲ್ಲಿ ಒಂದೂ ಇದುವರೆಗೆ ವಾಲಿದ್ದಿಲ್ಲ. ಹಾಗಾಗಿ ಮೃಗಾಸ್ಪತ್ರೆಯ ಡಾಕ್ಟರು ನನ್ನ ಕುದುರೆಯ ಮುಂಗಾಲು ಮುಟ್ಟಿ, "ಲ್ಯಾಮಿನೈಟಿಸ್ ಅಂತ ಸಂಶಯ" ಎಂದಾಗ ನನಗೆ ಸಿಟ್ಟೇ ಬಂತು. ಇಷ್ಟು ಓದಿದವರಿಗೂ ಸಂಶಯವೇ?

ಆ ಕುದುರೆ ನನ್ನ ಕೈಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಬಂದ್ಯೋಡಿನ ಹತ್ತಿರ ಗಲ್ಫಿನಿಂದ ಬಂದವರೊಬ್ಬರ ದೊಡ್ಡ ಮನೆಗೆ ಕಂಪೌಂಡು ಕಟ್ಟಲು ಹೋಗುತ್ತಿದ್ದೆ. ಮಗಳ ಆಸೆಗೆಂದು ಅವರು ಒಂದು ಕಂದು ಬಣ್ಣದ ಹೆಣ್ಣು ಕುದುರೆ ತಂದಿದ್ದರು. ನನ್ನ ಕಂಪೌಂಡು ಮುಗಿಯುವ ಮೊದಲೇ ಅವರ ಆಸೆ ಮುಗಿದು ಎಲ್ಲರೂ ಪುನಃ ವಿಮಾನ ಹತ್ತಿದರು. ನೋಡಿಕೊಳ್ಳಲು ಇಟ್ಟಿದ್ದ ಆಳೂ ಬರುವುದು ನಿಲ್ಲಿಸಿದ. ಕುದುರೆಯ ಪಕ್ಕೆಲುಬು ಕಾಣತೊಡಗಿತು. ನಾನು ಮಧ್ಯಾಹ್ನದ ಬಿಡುವಿನಲ್ಲಿ ತೋಡಿನ ಬದಿಯ ಹುಲ್ಲು ಹೆರೆದು ಹಾಕುತ್ತಿದ್ದೆ. ಕೊನೆಗೆ ಆ ಮನೆಯವರು ಗಲ್ಫಿನಿಂದ ಫೋನಿನಲ್ಲಿ, "ನೀವೇ ಕೊಂಡುಹೋಗಿ ಮಾರಾಯ್ರೆ, ಪುಣ್ಯ ಬರ್ತದೆ" ಎಂದರು. ಪಿಕಪ್ಪಿನಲ್ಲಿ ಹತ್ತಿಸಿ ತಂದೆ.

ನಮ್ಮ ಮನೆಯ ಹಿಂದೆಯೇ ಪದವು. ಬೇಸಿಗೆಯಲ್ಲಿ ಅದು ಬರೀ ಕರಿಬಂಡೆಯ ಬಯಲು, ಮೊಟ್ಟೆ ಇಟ್ಟರೆ ಬೇಯಬೇಕು. ಮಳೆ ಹಿಡಿಯಿತೆಂದರೆ ಕಲ್ಲಿನ ಸಂದು ಸಂದಿನಲ್ಲಿ ಹುಲ್ಲು. ಅವಳನ್ನು ಅಲ್ಲಿ ಬಿಟ್ಟೆ. ಎರಡು ಮಳೆಗಾಲದಲ್ಲಿ ಹೇಗೆ ತುಂಬಿಕೊಂಡಳೆಂದರೆ ಬೆನ್ನಿನ ನಡುವೆ ಮಳೆನೀರು ನಿಲ್ಲಬೇಕು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಕೆಲವರು ಬಾಳೆಹಣ್ಣು ಕೊಟ್ಟರು, ಕೆಲವರು ಹಲಸಿನ ಸೊಳೆ ಕೊಟ್ಟರು. ನನಗೆ ಹೆಮ್ಮೆಯೇ ಆಗುತ್ತಿತ್ತು. ನಮ್ಮ ಮನೆಗೆ ಬಂದದ್ದು ಮನುಷ್ಯರಾಗಲಿ ಜಾನುವಾರಾಗಲಿ ಹಸಿದು ಹೋಗುವುದಿಲ್ಲ ಎಂಬ ಮಾತನ್ನು ನಾನು ಸಂಪಾದಿಸಿದ್ದು ಸುಮ್ಮನೆ ಅಲ್ಲ.

ಆಗಸ್ಟ್ ಮುಗಿಯುವ ಹೊತ್ತಿನ ಸೋಣ ತಿಂಗಳಲ್ಲಿ ಮಳೆ ಬಿಟ್ಟು ಚುರುಕು ಬಿಸಿಲು ಬಿದ್ದ ವಾರ, ಒಂದು ಬೆಳಿಗ್ಗೆ ಕರೆದರೆ ಅವಳು ಬರಲಿಲ್ಲ. ಹೋಗಿ ನೋಡಿದರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು, ವಾಲುವ ಗೋಡೆಗೆ ಯಾರೋ ಊರುಗೋಲು ಕೊಟ್ಟ ಹಾಗೆ. ಹಗ್ಗ ಹಿಡಿದು ತಿರುಗಿಸಿದರೆ ಕೆಂಡದ ಮೇಲೆ ಕಾಲಿಟ್ಟ ಹಾಗೆ ಹೆಜ್ಜೆ. ಅಂಗಳಕ್ಕೆ ತರುವಷ್ಟರಲ್ಲಿ ಅವಳೂ ಬೆವರಿದಳು, ನಾನೂ ಬೆವರಿದೆ.

ನಮ್ಮ ಅತ್ತೆ, ಎಂದರೆ ಹೆಂಡತಿಯ ತಾಯಿ, ನಮ್ಮೊಂದಿಗೇ ಇರುವುದು. ಜೀವಮಾನವಿಡೀ ದನ ಸಾಕಿದವರು. ಬಂದು ಬಾಗಿ ಗೊರಸು ಮುಟ್ಟಿದರು.

"ಅಳಿಯಂದ್ರೇ, ಇದು ಉಷ್ಣ. ಮುಟ್ಟಿ ನೋಡಿ, ಒಲೆಯ ಕಲ್ಲಿನ ಹಾಗೆ ಉಂಟು. ಬಿಸಿಲು ಹೊಡೆದು ಉಷ್ಣ ಕಾಲಿಗಿಳಿದಿದೆ. ತಂಪು ಕೊಡ್ಬೇಕು."

ಪಕ್ಕದ ಮನೆಯ ರಬ್ಬರ್ ಟ್ಯಾಪಿಂಗಿನ ಅಣ್ಣ ಬೇಲಿಯ ಆಚೆಯಿಂದಲೇ ಅದಕ್ಕೆ ಸಹಿ ಹಾಕಿದ. ನಮ್ಮಲ್ಲಿ ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ಅದಕ್ಕೆ ಮದ್ದು ಬೆಲ್ಲದ ಪಾನಕ, ಬೊಂಡದ ಎಳನೀರು, ಹಸಿರು ಸೊಪ್ಪು. ನಾನು ಮಾತ್ರ ಬೈಕ್ ಹತ್ತಿ ಡಾಕ್ಟರನ್ನು ಕರೆಯಲು ಹೋದೆ.

ಡಾಕ್ಟರು ತೆಂಕಿನ ಕಡೆಯ ಒಬ್ಬರು ಮಲಯಾಳಿ ಹೆಂಗಸು, ಪ್ರಾಯ ಕಡಿಮೆ, ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು, ಅಣ್ಣ ಎನ್ನಲು ಮಾತ್ರ ಈಗಲೂ ಚೇಟ್ಟಾ. ಗೊರಸಿನ ಮೇಲ್ಗಡೆ ಕಾಲಿನ ಹಿಂಬದಿಗೆ ಬೆರಳಿಟ್ಟು ತುಂಬ ಹೊತ್ತು ಕೂತರು. ಕುತ್ತಿಗೆಯ ಮೇಲಿನ ಗಟ್ಟಿ ಉಬ್ಬನ್ನು ಹಿಸುಕಿದರು. ಆಗ ಹೇಳಿದ್ದು ಆ ಸಂಶಯದ ಮಾತು.

"ಎಕ್ಸ್‌ರೇ ತೆಗೆದ್ರೆ ಸರಿಯಾಗಿ ಗೊತ್ತಾಗ್ತದೆ ಚೇಟ್ಟಾ. ಅದು ಇಲ್ಲಿ ಇಲ್ಲ. ಆದ್ರೆ ಕಾಯ್ಲಿಕ್ಕೆ ಆಗುದಿಲ್ಲ, ಅದೇ ಅಂತ ತಿಳ್ಕೊಂಡು ಈಗ್ಲೇ ಶುರು ಮಾಡ್ಬೇಕು. ಕೊಬ್ಬು ಜಾಸ್ತಿ ಉಂಟು."

"ಯಾರಿಗೆ ಮೇಡಂ?" ಎಂದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೇಳಿದಳು.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು. ಅವರು ನನಗೆ ಗೊರಸಿನ ಒಳಗಿನ ವಿಷಯ ತಿಳಿಸಿದರು. ಗೊರಸೆಂಬ ಚಿಪ್ಪು ಒಳಗಿನ ಎಲುಬನ್ನು ಒಂದು ತೆಳು ಪದರದಿಂದ ಹಿಡಿದುಕೊಂಡಿರುತ್ತದಂತೆ. ಆ ಪದರಕ್ಕೆ ಉರಿ ಬಂದರೆ ಹಿಡಿತ ಬಿಡುತ್ತದೆ. ಎಲುಬು ಕೆಳಗೆ ತಿರುಗುತ್ತದೆ. ಇದು ಮಾತ್ರ ನನಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ಥಂಡಿ ಹಿಡಿದ ಗೋಡೆಯಿಂದ ಗಾರೆ ಬಿಡುವುದನ್ನು ಎಷ್ಟು ನೋಡಿಲ್ಲ! ಹೊರಗಿನಿಂದ ಎಲ್ಲ ಸರಿ ಕಾಣುತ್ತದೆ, ಬೆರಳಿನ ಗಂಟಿನಿಂದ ಬಡಿದರೆ ಟೊಳ್ಳು ಸದ್ದು.

"ಕಾರಣ ಎಂತ?" ಎಂದೆ.

"ಹುಲ್ಲು. ಮಳೆ ಬಿಟ್ಟು ಬಿಸಿಲು ಬಂದಾಗ ಎಳೆ ಹುಲ್ಲಲ್ಲಿ ಶುಗರ್ ಜಾಸ್ತಿ. ಇನ್ನು ಹಸಿ ಹುಲ್ಲು ಒಂದು ಕಡ್ಡಿ ಕೂಡ ಕೊಡ್ಲಿಕ್ಕಿಲ್ಲ. ಹಣ್ಣು, ಬೆಲ್ಲ, ತವುಡು ಎಂತದೂ ಇಲ್ಲ. ಬೈಹುಲ್ಲು ನೀರಲ್ಲಿ ಒಂದು ಗಂಟೆ ನೆನೆಸಿ, ನೀರು ಚೆಲ್ಲಿ, ಅಳತೆಯಲ್ಲಿ ಕೊಡಿ. ಪೂರಾ ಉಪವಾಸ ಹಾಕಿದ್ರೆ ಅದೂ ಅಪಾಯ. ಮೆತ್ತಗಿನ ಜಾಗದಲ್ಲಿ ನಿಲ್ಲಿಸಿ, ನಡೆಸ್ಬೇಡಿ. ಕಾಲಿಗೆ ಐಸ್ ಇಡಿ."

ಅತ್ತೆಯವರು ನಕ್ಕೇಬಿಟ್ಟರು. "ಹುಲ್ಲಿನಲ್ಲಿ ಸಕ್ಕರೆಯಾ? ಹಾಗಾದ್ರೆ ನಾಳೆಯಿಂದ ಚಾಯಕ್ಕೆ ಎರಡು ಕಡ್ಡಿ ಹುಲ್ಲು ಹಾಕಿ ಕುಡಿಯುವ."

ಅವರಿಗೂ ಸಕ್ಕರೆ ಕಾಯಿಲೆ ಉಂಟು. ಡಾಕ್ಟರು ಅದು ಗೊತ್ತಿಲ್ಲದೆ, "ಮನುಷ್ಯರಿಗೆ ಶುಗರ್ ಬಂದ ಹಾಗೆಯೇ ಅಮ್ಮಾ, ಬಾಯಿ ಕಟ್ಟದಿದ್ರೆ ಕಾಲು ಹೋಗ್ತದೆ" ಎಂದರು. ಅತ್ತೆಯ ನಗು ಅಲ್ಲಿಗೆ ನಿಂತಿತು. "ನನ್ನನ್ನೂ ಕುದುರೆಯನ್ನೂ ಒಂದೇ ತಕ್ಕಡಿಗೆ ಹಾಕಿದ್ರು" ಎಂದು ಸಂಜೆಯವರೆಗೂ ಗೊಣಗಿದರು.

ನಾನು ಕೆಲಸಕ್ಕೆ ಇಳಿದೆ. ಹಿತ್ತಲಿನಲ್ಲಿ ಹಂಚಿನ ಮಾಡಿನ ಕೆಳಗೆ ನೆಲ ಕೆದಕಿ, ದಪ್ಪಕ್ಕೆ ಹೊಯಿಗೆ, ಹೊಳೆಯ ಮರಳು, ಹರಡಿದೆ. ನಮ್ಮ ಮನೆಯ ಹೊರಗೋಡೆಗೆ ಸಾರಣೆ ಮಾಡಲೆಂದು ಎಷ್ಟೋ ಕಷ್ಟಪಟ್ಟು ಕೂಡಿಹಾಕಿದ ಹೊಯಿಗೆ ಅದು. "ಊರಿನ ಗೋಡೆಗೆಲ್ಲ ಗಾರೆ, ಮೇಸ್ತ್ರಿಯ ಮನೆಗೆ ಮಾತ್ರ ಬರೀ ಕಲ್ಲು" ಎಂದು ಹೆಂಡತಿ ಹೇಳಿದಳು. ಬುಟ್ಟಿಗೆ ಕೈ ಕೊಟ್ಟದ್ದೂ ಅವಳೇ. ಐಸಿಗೆ ಮೀನಿನವನೇ ಗತಿ. ಕುಂಬಳೆಯಿಂದ ಸ್ಕೂಟರಿನಲ್ಲಿ ಮೀನು ತರುವ ಬ್ಯಾರಿ, ಪೆಟ್ಟಿಗೆಯ ತಳದ ಐಸನ್ನು ನಮ್ಮ ಬಕೆಟಿಗೆ ಸುರಿಯುತ್ತಿದ್ದ.

"ಎಂತ ಮೇಸ್ತ್ರಿ, ಕುದುರೆ ಹಾಳಾಗದ ಹಾಗೆ ಇಡುದಾ? ಬಂಗುಡೆಗಾದ್ರೆ ಉಪ್ಪು ಕೂಡ ಹಾಕ್ಬೇಕು!"

ಡಾಕ್ಟರು ಕೊಟ್ಟ ನೋವಿನ ಮದ್ದು, ಬಂಗುಡೆ ವಾಸನೆಯ ಐಸು, ತೊಳೆದ ಬೈಹುಲ್ಲು. ಆ ವಾರದ ಕೊನೆಗೆ ಅವಳ ಗೊರಸು ತಣಿದಿತ್ತು. ಕಾಲು ನೆಟ್ಟಗೆ ಇಟ್ಟು ನಿಂತಳು. ನಾನು ಕೆಲಸಕ್ಕೆ ಹೊರಟೆ.

ಆದರೆ ಆ ವಾರದಲ್ಲಿ ನನ್ನ ಹೆಸರು ಹಾಳಾಗಿತ್ತು. ತೊಳೆದ ಹುಲ್ಲನ್ನು ಕುದುರೆ ಮೂಸಿ ಮುಖ ತಿರುಗಿಸಿ, ಬೇಲಿಯ ಹತ್ತಿರ ಯಾರ ಸದ್ದು ಕೇಳಿದರೂ ಕೆನೆಯುತ್ತಿತ್ತು. ಎದುರಿಗೆ ಪದವಿನಲ್ಲಿ ಹಸಿರು ಗಾಳಿಗೆ ತೂಗುತ್ತಿದೆ. ಇತ್ತ ಮೇಸ್ತ್ರಿ ಒಣಹುಲ್ಲನ್ನು ತೊಳೆದು ಸಾರ ತೆಗೆದು ಹಾಕುತ್ತಿದ್ದಾನೆ. "ಮೂಕಪ್ರಾಣಿಯ ಹೊಟ್ಟೆಗೆ ಹೊಡಿಬೇಡ ಮಾರಾಯ" ಎಂದು ಪಕ್ಕದ ಅಣ್ಣ ಹೇಳಿದ. ಅಂಗಡಿಯಲ್ಲಿ ಯಾರೋ, "ಹುಲ್ಲಿಗೂ ಜಿಪುಣತನವಾ" ಎಂದರಂತೆ. ಆ ಮಾತು ನನ್ನನ್ನು ಸುಟ್ಟಿತು. ಕೂಲಿ ಸಿಗದ ದಿನವೂ ಬಂದವರಿಗೆ ಊಟ ಹಾಕಿದ ಮನೆ ಇದು.

ಮತ್ತೆ ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಅವಳು ಪುನಃ ಅದೇ ರೀತಿ ಕಾಲು ಚಾಚಿ ನಿಂತಿದ್ದಾಳೆ. ಗೊರಸು ಮುಟ್ಟಿದರೆ ಬಿಸಿ. ನನಗೆ ತಲೆ ಕೆಟ್ಟಿತು. ನೇರ ಬೇಲಿಗೆ ಹೋಗಿ ಪಕ್ಕದ ಅಣ್ಣನನ್ನು ಕರೆದೆ.

"ಎಂತ ಕೊಟ್ಟದ್ದು ನೀನು?"

"ನಾನಾ? ನಾನು ಒಂದು ಬಾಳೆಸಿಪ್ಪೆ ಕೂಡ ಹಾಕ್ಲಿಲ್ಲ. ಇಲ್ಲಸಲ್ಲದ್ದು ಹೇಳ್ಬೇಡ."

ಅವನು ಸತ್ಯವನ್ನೇ ಹೇಳಿದ್ದ. ಅದು ಗೊತ್ತಾದದ್ದು ಮಾರನೆಯ ದಿನ, ಮಧ್ಯಾಹ್ನ ಹೇಳದೆ ಮನೆಗೆ ಬಂದಾಗ. ಅತ್ತೆಯವರು ಹಿತ್ತಲಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ. ಕುದುರೆಯ ಮುಂದೆ ಹಸಿ ಹುಲ್ಲಿನ ಒಂದು ಹಿಡಿ, ಬಕೆಟಿನಲ್ಲಿ ಪಾನಕ. ಅವರ ಕೈಯಲ್ಲಿಯೂ ಒಂದು ಲೋಟ. ಕುದುರೆ ಕುಡಿಯುತ್ತಿತ್ತು, ಅತ್ತೆಯವರೂ ಕುಡಿಯುತ್ತಿದ್ದರು.

ಹೆಂಡತಿಯ ತಾಯಿಗೆ ಗದರುವ ಜನ ನಾನಲ್ಲ. ಅದನ್ನು ಅವರೂ ಬಲ್ಲರು.

"ಅತ್ತೇ," ಎಂದೆ, ಅಷ್ಟೆ.

"ನೀವು ಬಯ್ಯುದಾದ್ರೆ ಬಯ್ಯಿರಿ. ಸುಡುವ ಕಾಲು ಇಟ್ಕೊಂಡು ಅದು ಕೂಗುದನ್ನು ನಾನು ಹೇಗೆ ಕೇಳಿಕೊಂಡು ಕೂರ್ಲಿ? ಉಷ್ಣಕ್ಕೆ ತಂಪು ಕೊಡದೆ ಮತ್ತೆಂತ ಕೊಡ್ಲಿಕ್ಕುಂಟು?"

ನಾನು ಪಾನಕವನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಹುಲ್ಲು ಬಾಚಿ ಹೊರಗೆ ಎಸೆದು, ಊಟ ಮಾಡದೆ ಕೆಲಸಕ್ಕೆ ವಾಪಸಾದೆ. ಕಟ್ಟುತ್ತಿದ್ದ ಸಾಲು ಆ ದಿನ ಸೊಟ್ಟವಾಯಿತು, ಬಿಚ್ಚಿ ಪುನಃ ಕಟ್ಟಿದೆ.

ಡಾಕ್ಟರು ಮತ್ತೆ ಬಂದರು. ಈ ಸಲ ಅವರ ಬಾಯಿಯಲ್ಲಿ ಸಂಶಯದ ಮಾತೇ ಇರಲಿಲ್ಲ, ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು. "ಇನ್ನೊಂದು ಸಲ ಹೀಗಾದ್ರೆ ಎಲುಬು ಗೊರಸಿನ ಅಡಿಯಿಂದ ಹೊರಗೆ ಬರ್ಬಹುದು. ಆಮೇಲೆ ಒಂದೇ ಇಂಜೆಕ್ಷನ್ ಚೇಟ್ಟಾ, ಮತ್ತೆ ಏಳದ ಹಾಗೆ ಮಲಗಿಸ್ಲಿಕ್ಕೆ." ಹೋಗುವಾಗ ಕಾಲಿನ ನಾಡಿ ನೋಡುವುದನ್ನು ನನ್ನ ಬೆರಳು ಹಿಡಿದು ತೋರಿಸಿದರು. ಚರ್ಮದ ಕೆಳಗೆ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟಿದ ಹಾಗೆ ಬಡಿಯುತ್ತಿತ್ತು.

ಅವರು ಹೋದ ಮೇಲೆ ನಾನು ಅತ್ತೆಯವರನ್ನು ಕರೆದೆ. ಮಾತಾಡಲು ಹೋದರೆ ಜಗಳವಾಗುತ್ತದೆಂದು ಮಾತಾಡಲಿಲ್ಲ. ಒಂದು ಮಣೆ ಹಾಕಿ ಕೂರಿಸಿ, ಅವರ ಬೆರಳನ್ನು ಆ ಜಾಗಕ್ಕೆ ಇಟ್ಟೆ. ಕರು ಹೊಟ್ಟೆಯಲ್ಲಿ ತಿರುಗಿದ್ದನ್ನು ಹೊರಗಿನಿಂದ ಮುಟ್ಟಿ ಹೇಳುತ್ತಿದ್ದ ಕೈ ಅದು. ಬೆರಳನ್ನು ಇನ್ನಷ್ಟು ಒತ್ತಿದರು.

"ಕುಟ್ತದಲ್ಲ," ಎಂದರು.

"ದಿನಾ ಬೆಳಿಗ್ಗೆ ನೀವೇ ನೋಡಿ. ಹೊಟ್ಟೆಗೆ ನಾನು ಕೊಟ್ಟದ್ದು ಮಾತ್ರ ಹೋಗ್ಲಿ. ತಂಪು ಕೊಡ್ಲೇಬೇಕಾದ್ರೆ ಹೊರಗಿನಿಂದ ಕೊಡಿ, ಕಾಲಿಗೆ. ಅದಕ್ಕೆ ಡಾಕ್ಟರು ಬೇಡ ಹೇಳ್ಲಿಲ್ಲ."

ಮರುದಿನದಿಂದ ಅವರೇ ಐಸಿನ ನೀರು ಹೊಯ್ದರು, ಅವರೇ ಬೆರಳಿಟ್ಟರು. ನಾನು ಚಾಯ ಕುಡಿಯುತ್ತಿದ್ದರೆ ಹಿತ್ತಲಿನಿಂದ ವರದಿ ಬರುತ್ತಿತ್ತು: "ಇವತ್ತೂ ಕುಟ್ತದೆ." ಮತ್ತೆ, "ಸ್ವಲ್ಪ ಮೆಲ್ಲಗೆ." ಕೊನೆಗೊಂದು ದಿನ, "ಹುಡುಕಿದರೂ ಸಿಗುದಿಲ್ಲ ಮಾರಾಯ್ರೆ, ಎಲ್ಲಿ ಹೋಯ್ತು?" ಆ ದಿನ ಅವಳು ಹೊಯಿಗೆಯ ಮೇಲೆ ತಾನಾಗಿ ತಿರುಗಿ ನಿಂತಳು, ಯಾರೂ ಹಗ್ಗ ಎಳೆಯದೆ.

ಅತ್ತೆಯವರು ಸೋತೆ ಎಂದು ಹೇಳುವವರಲ್ಲ. ಕೈ ತೊಳೆಯುತ್ತಾ, "ಇದು ನಮ್ಮ ಉಷ್ಣ ಅಲ್ಲ. ಇದು ಬೇರೆ ಉಷ್ಣ" ಎಂದರು. ಪಕ್ಕದ ಮನೆಗೂ ಹೋಗಿ ಅದನ್ನೇ ಸಾರಿ ಬಂದರು. ಆದರೆ ಬೆಲ್ಲದ ಡಬ್ಬಿ ಇನ್ನೂ ಹಗುರವಾಗುತ್ತಲೇ ಉಂಟು. ಕುದುರೆ ಕುಡಿಯುವುದಿಲ್ಲವೆಂದು ನನಗೆ ಧೈರ್ಯವುಂಟು. ಇನ್ನೊಬ್ಬರ ವಿಷಯ ಅವರ ಮಗಳೇ ನೋಡಿಕೊಳ್ಳಲಿ.

ಪಕ್ಕದ ಅಣ್ಣನಲ್ಲಿ ತಪ್ಪಾಯಿತೆಂದು ಹೇಳಿದೆ. ಅವನು ಮಾತಾಡುತ್ತಾನೆ, ಮೊದಲಿನಷ್ಟಲ್ಲ.

ಎಲ್ಲ ಸರಿಯಾಯಿತೆಂದು ನಾನು ಹೇಳಲಾರೆ. ಗೊರಸು ಪೂರ್ತಿ ಹೊಸದಾಗಿ ಬೆಳೆದು ಇಳಿಯಲು ಬಹಳ ತಿಂಗಳು ಬೇಕಂತೆ. ಪದವಿನ ಹುಲ್ಲು ಅವಳಿಗೆ ಇನ್ನಿಲ್ಲ. ಹಿತ್ತಲಿನ ಸುತ್ತ ನಾನೇ ಎದೆಮಟ್ಟಕ್ಕೆ ಕಲ್ಲು ಕಟ್ಟಿದೆ. ಜೀವಮಾನದಲ್ಲಿ ಕಳ್ಳರು ಬಾರದಂತೆ ಗೋಡೆ ಕಟ್ಟಿದವನು, ಮೇವು ಸಿಗದಂತೆ ಕಟ್ಟಿದ್ದು ಇದೊಂದೇ. ಅದರ ಒಳಗೂ, ಒಂದು ಮಳೆ ಬಿದ್ದರೆ ಸಾಕು, ಹೊಯಿಗೆ ಮುಗಿಯುವ ಬದಿಯಲ್ಲಿ ಹಸಿರು ತಲೆ ಎತ್ತುತ್ತದೆ. ಕೆಲಸಕ್ಕೆ ಹೋಗುವ ಮೊದಲು ಕುಕ್ಕರಗಾಲಲ್ಲಿ ಕೂತು ಅದನ್ನು ಬುಡ ಸಮೇತ ಕೀಳುತ್ತೇನೆ. ಅವಳು ನನ್ನ ಹೆಗಲ ಮೇಲೆ ಮೂತಿಯಿಟ್ಟು, ಕೈಯಲ್ಲಿರುವುದನ್ನೇ ನೋಡುತ್ತಾಳೆ.

ಮೊನ್ನೆ ಪಕ್ಕದ ಅಣ್ಣ ಗೋಡೆಯ ಮೇಲಿನಿಂದ ಇಣುಕಿದ.

"ನೀನು ಎಂತಕ್ಕೆ ಹುಲ್ಲು ಕೀಳುದು ಮಾರಾಯ? ಕುದುರೆ ಉಂಟಲ್ಲ?"

"ಕುದುರೆ ಇರ್ಲಿ ಅಂತಲೇ ಕೀಳುದು," ಎಂದೆ.