ಅಯ್ನೋರು ಔಟಾದ ದಿನ

ಕಾಸಾರಶಿರಸಿಯ ಶಾಲೆಯಲ್ಲಿ ನನ್ನ ಮೊದಲ ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದರು. ಬಿಳಿ ಧೋತರ, ತಲೆಗೆ ರುಮಾಲು ಸುತ್ತಿದ್ದ ಹಿರಿಯರೊಬ್ಬರು ಗೇಟಿನ ಒಳಗೆ ಬಂದು ಚಪ್ಪಲಿ ಕಳಚಿದರು. ಒಂದನೇ ತರಗತಿಯ ಸಾಲಿನ ಹತ್ತಿರ ಹೋಗಿ, ಆರು ವರ್ಷದ ಒಬ್ಬ ಹುಡುಗನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ‘ಶರಣ್ರೀ ಅಯ್ನೋರ’ ಅಂದರು. ಹುಡುಗ ಅವರ ರುಮಾಲಿನ ಮೇಲೆ ಕೈಯಿಟ್ಟು ಏನೋ ಗೊಣಗಿದ, ಆಮೇಲೆ ಅದೇ ಕೈಯಿಂದ ಮೂಗು ಒರೆಸಿಕೊಂಡ. ಹಿರಿಯರು ಚಪ್ಪಲಿ ಮೆಟ್ಟಿ ಆಫೀಸಿನ ಕಡೆ ಹೋದರು. ಯಾರೂ ತಿರುಗಿ ನೋಡಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಆ ಹಿರಿಯರು ಗುರುಪಾದಪ್ಪನವರು. ಊರವರೇ ಸೇರಿ ನಡೆಸುವ ಈ ಸಣ್ಣ ಕನ್ನಡ ಶಾಲೆಯ ಮುಖ್ಯಸ್ಥರು. ಹುಡುಗ ಸಂಗಯ್ಯ, ಜಂಗಮರ ಮನೆಯವನು, ಊರವರಿಗೆ ಅಯ್ನೋರು. ಊರಿನ ಎಷ್ಟೋ ಮನೆಗಳ ಮದುವೆ, ತೊಟ್ಟಿಲು, ಪೂಜೆ ಎಲ್ಲ ಅವನ ಅಪ್ಪನ ಕೈಯಲ್ಲೇ ಆಗಬೇಕು. ಅಪ್ಪನಿಗೆ ಸಲ್ಲುವ ಗೌರವ ಮಗನಿಗೂ ಸಲ್ಲುತ್ತದೆ, ವಯಸ್ಸು ಯಾರೂ ಕೇಳುವುದಿಲ್ಲ. ನಮ್ಮ ಮದ್ದೂರಿನ ಕಡೆಯೂ ಮಠದ ಸ್ವಾಮಿಗಳಿಗೆ ಅಡ್ಡ ಬೀಳುತ್ತೇವೆ. ಆದರೆ ಅವರ ಹಾಲುಹಲ್ಲು ಉದುರಿ ಬಹಳ ಕಾಲ ಆಗಿರುತ್ತದೆ.

ನಾನು ಇಲ್ಲಿಗೆ ಬಂದದ್ದು ಕಬ್ಬಿನ ಹಿಂದೆ. ನನ್ನ ಗಂಡ ಸಕ್ಕರೆ ಕಾರ್ಖಾನೆಯ ಕೆಮಿಸ್ಟ್. ನಮ್ಮ ಕಡೆಯ ಕಾರ್ಖಾನೆ ಬಿಟ್ಟು ಉಮರ್ಗಾ ಕಡೆಯ ಒಂದು ಕಾರ್ಖಾನೆಗೆ ಸೇರಿದರು. ಮಹಾರಾಷ್ಟ್ರಕ್ಕೆ ಹೋಗುತ್ತಿದ್ದೇನೆ ಅಂದಾಗ ನೆಂಟರೆಲ್ಲ ಪುಣೆ, ಮುಂಬೈ ಅಂದುಕೊಂಡರು. ನಾನು ಇಳಿದದ್ದು ಕರ್ನಾಟಕದ ಗಡಿಗೆ ಒತ್ತಿಕೊಂಡಿರುವ ಒಂದು ಸಂತೆಯ ಊರಿನಲ್ಲಿ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಲೈಟಿನ ಬಿಲ್ಲು ಎಲ್ಲ ಮರಾಠಿ. ಆದರೆ ಬೋರ್ಡಿನ ಕೆಳಗೆ ಕೂತವರು ಕನ್ನಡದಲ್ಲಿ ಜಗಳ ಆಡುತ್ತಾರೆ, ಸಿಟ್ಟು ಏರಿದಾಗ ಮರಾಠಿಗೆ ದಾಟುತ್ತಾರೆ, ಕೊನೆಗೆ ಚಹಾ ಕುಡಿಯುವಾಗ ಮತ್ತೆ ಕನ್ನಡಕ್ಕೆ ಬರುತ್ತಾರೆ. ಚಹಾ ಅಂಗಡಿಯ ಮುಂದೆ ನಿಲಂಗಾದ ಬಸ್ಸು ಕಾಯುತ್ತ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ನನ್ನ ಕನ್ನಡ ಇವರಿಗೆ ನಗೆಪಾಟಲು. ಮೊದಲ ವಾರ ಒಬ್ಬ ಹುಡುಗಿ ಎದ್ದು ನಿಂತು, ‘ಬಾಯೀ, ನೀವು ಟಿವ್ಯಾಗಿನವ್ರಂಗ ಮಾತಾಡ್ತೀರಿ’ ಅಂದಳು. ಬಾಯಿ ಅಂದರೆ ಇಲ್ಲಿ ಟೀಚರು, ಮರಾಠಿಯಿಂದ ಬಂದ ಮಾತು. ನಾನು ‘ಬೇಗ ಬರೀರಿ’ ಅಂದರೆ ಮಕ್ಕಳು ಮುಖ ನೋಡುತ್ತಿದ್ದರು. ‘ಲಗೂನ ಬರೀರಿ’ ಅಂದಾಗ ಸ್ಲೇಟಿನ ಮೇಲೆ ಬಳಪ ಓಡಿತು. ಅವತ್ತು ಗೆದ್ದ ಹಾಗೆ ಅನಿಸಿತ್ತು.

ಮನೆ ಸಿಕ್ಕಿದ್ದು ಕಾಶೀಬಾಯಿ ಎಂಬ ಹೆಂಗಸಿನ ಮನೆಯ ಹಿಂದಿನ ಎರಡು ಕೋಣೆ. ಹೊಲ, ಎಮ್ಮೆ, ಸೊಸೆ, ಮೊಮ್ಮಕ್ಕಳು ಎಲ್ಲವನ್ನೂ ಒಂದೇ ಗಂಟಲಿನಲ್ಲಿ ನಡೆಸುವ ಗಟ್ಟಿಗಿತ್ತಿ. ಸೊಸೆಗೆ ಬೈಯುತ್ತಾಳೆ, ಎಮ್ಮೆಗೆ ಬೈಯುತ್ತಾಳೆ, ಹಾದಿಯಲ್ಲಿ ಹೋಗುವವರನ್ನೂ ಬಿಡುವುದಿಲ್ಲ. ನನಗೆ ಮಾತ್ರ ಸೆರಗು ಹೊದ್ದು, ‘ಬರ್ರಿ ಬಾಯಿಯವರ, ಕೂಡ್ರಿ’ ಎನ್ನುತ್ತಾಳೆ. ರೊಟ್ಟಿ ಬಡಿಯುವುದು ಕಲಿಸಿಕೊಡಿ ಅಂದೆ. ‘ನಿಮಗ್ಯಾಕ್ರಿ ಈ ಹೊಗಿ? ನೀವು ಪಾವಣೇರು’ ಅಂದಳು. ಪಾವಣೇರು ಅಂದರೆ ನೆಂಟರು, ಅತಿಥಿಗಳು. ಬಂದು ಎಷ್ಟೋ ತಿಂಗಳು ಕಳೆದ ಮೇಲೂ ಅದೇ ಮಾತು. ಅವರ ಮನೆಯಲ್ಲಿ ಎಲ್ಲರಿಗೂ ಜೋಳದ ರೊಟ್ಟಿ, ಪುಂಡಿಪಲ್ಲೆ. ನಾನು ಹೋದರೆ ಮಾತ್ರ ಓಡಾಡಿ ಅನ್ನ ಬೇಯಿಸುತ್ತಾರೆ, ಹಿತ್ತಾಳೆಯ ತಟ್ಟೆ ತೆಗೆಯುತ್ತಾರೆ. ನಾನು ಉಣ್ಣುವವರೆಗೆ ಎಲ್ಲರೂ ನೋಡುತ್ತ ನಿಂತಿರುತ್ತಾರೆ. ಅರ್ಧ ಹೊಟ್ಟೆಗೇ ಎದ್ದುಬಿಡುತ್ತೇನೆ. ಅಷ್ಟು ಮರ್ಯಾದೆಯ ನಡುವೆ ನನಗೆ ಅಷ್ಟೇ ಒಂಟಿತನ ಇತ್ತು.

ಇನ್ನು ಶಾಲೆ. ಒಂದನೇ ತರಗತಿಯ ಮಕ್ಕಳನ್ನು ಕೂರಿಸಿ ಅಕ್ಷರ ಕಲಿಸುವುದು ಎಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಮದ್ದೂರಿನಲ್ಲಿದ್ದಾಗಲೇ ನಾನು ಇದಕ್ಕೆ ಒಂದು ಆಟ ಕಟ್ಟಿಕೊಂಡಿದ್ದೆ. ನೆಲದಲ್ಲಿ ಒಂದು ದೊಡ್ಡ ಸುತ್ತು ಗೀಚುವುದು. ಒಳಗೆ ಮಕ್ಕಳು ಓಡುತ್ತಾರೆ, ಹೊರಗಿನಿಂದ ಇಬ್ಬರು ಬಟ್ಟೆಯ ಚೆಂಡು ಎಸೆಯುತ್ತಾರೆ. ಚೆಂಡು ತಗುಲಿದವರು ಔಟು. ಔಟಾದವರು ಬೇವಿನ ಮರದ ಕೆಳಗೆ ನಾನು ಮಣ್ಣಿನಲ್ಲಿ ಬರೆದಿರುವ ಅಕ್ಷರಗಳ ಸಾಲಿನ ಹತ್ತಿರ ಹೋಗಿ ಒಂದನ್ನು ಕಾಲಿನಿಂದ ತೋರಿಸಿ ಗಟ್ಟಿಯಾಗಿ ಓದಬೇಕು. ಸರಿಯಾದರೆ ಮತ್ತೆ ಸುತ್ತಿಗೆ. ಆಟ ಬಿಡಲು ಮನಸ್ಸಿಲ್ಲದ ಮಕ್ಕಳು ಅಕ್ಷರವನ್ನು ಹೇಗಾದರೂ ಕಲಿತೇ ಕಲಿಯುತ್ತಾರೆ.

ಇಲ್ಲಿಯೂ ಆಟ ಚೆನ್ನಾಗಿಯೇ ನಡೆಯಿತು. ಸಂಗಯ್ಯ ಮಾತ್ರ ಒಂದು ಸಲವೂ ಔಟಾಗಲಿಲ್ಲ. ಹುಡುಗ ಚುರುಕು ಎಂದುಕೊಂಡೆ. ಒಂದು ದಿನ ಸರಿಯಾಗಿ ನೋಡಿದೆ. ಅವನು ಓಡುತ್ತಲೇ ಇರಲಿಲ್ಲ. ಸುತ್ತಿನ ನಡುವೆ ಕೈಕಟ್ಟಿ ನಿಂತಿದ್ದ. ಚೆಂಡು ಹಿಡಿದವರು ಅವನನ್ನು ಬಿಟ್ಟು ಆಚೆ ಈಚೆ ಎಸೆಯುತ್ತಿದ್ದರು.

‘ಅವನಿಗೂ ಎಸೀರಿ’ ಎಂದೆ.

‘ಅಯ್ನೋರಿಗಿ ಹೊಡ್ಯಬಾರ್ದ್ರೀ ಬಾಯಿ’ ಅಂದ ಚೆಂಡು ಹಿಡಿದವನು, ನನಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಮುಖ ಮಾಡಿ. ‘ಪಾಪ ಹತ್ತತದ.’

ನಾನೇ ಚೆಂಡು ಎತ್ತಿಕೊಂಡು ಮೆಲ್ಲಗೆ ಅವನ ಬೆನ್ನಿಗೆ ಎಸೆದೆ. ಮಕ್ಕಳೆಲ್ಲ ಓಟ ನಿಲ್ಲಿಸಿದರು. ‘ಅಯ್ನೋರು ಔಟ್ ಆಗಂಗಿಲ್ರಿ’ ಎಂದು ಒಬ್ಬಳು ತೀರ್ಪು ಕೊಟ್ಟಳು. ಆಟ ಮುಂದುವರಿಯಿತು. ಸಂಗಯ್ಯ ನಿಂತಲ್ಲೇ ನಿಂತಿದ್ದ. ತರಗತಿಯಲ್ಲೂ ಹಾಗೆಯೇ. ಚಾಪೆಯ ಮೇಲೆ ಅವನ ಎರಡೂ ಬದಿಗೆ ಒಂದು ಮೊಳ ಜಾಗ ಖಾಲಿ. ನಾನು ಅವನನ್ನು ಓದು ಎಂದರೆ ಅವನು ತಲೆ ತಗ್ಗಿಸುತ್ತಾನೆ, ಉಳಿದವರು ಅವನ ಪರವಾಗಿ ಓದಿಬಿಡುತ್ತಾರೆ. ಯಾರೂ ಅವನ ಬಳಪ ಕದಿಯುವುದಿಲ್ಲ, ಯಾರೂ ಅವನ ಮೇಲೆ ಚಾಡಿ ಹೇಳುವುದಿಲ್ಲ. ಆರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಅವನು ಶಾಲೆ ತಪ್ಪಿಸತೊಡಗಿದ. ಮನೆಗೆ ಹೋದೆ. ಅವನ ತಾಯಿ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದಳು.

‘ಮುಂಜಾನಿ ಆಗೂದೇ ತಡ, ಹೊಟ್ಟಿ ನೋಯಾಕತ್ಯದ ಅಂತ ಅಳತಾನ್ರಿ. ಅವ್ರಪ್ಪ ಮುಂದಿನ ವರ್ಷ ಉದಗೀರ ಕಡಿ ಒಂದ್ ಮಠದಾಗ ಬಿಡ್ತೀನಿ ಅಂತಾರ. ಅಲ್ಲಿ ಎಲ್ಲಾ ನಮ್ಮವೇ ಪೋರಗೋಳು ಇರ್ತಾವ, ಮಂತ್ರಾ ಕಲೀತಾನ ಅಂತ.’

‘ನಿಮಗೆ ಮನಸ್ಸಿದೆಯಾ?’

‘ಸಣ್ಣವ ಅದಾನ್ರಿ ಇನ್ನಾ’ ಎಂದಳು. ‘ರಾತ್ರಿ ನನ್ನ ಸೀರಿ ಸೆರಗ ಹಿಡಕೊಂಡೇ ಮಲಗ್ತಾನ. ಇಲ್ಲೇ ಸಾಲಿ ಹತ್ತಿದ್ರ ಅವ್ರೇನೂ ಒಯ್ಯಂಗಿಲ್ಲ. ಏನರೇ ಮಾಡ್ರಿ ಬಾಯಿ.’

ಏನಾದರೂ ಮಾಡಲು ಹೋದೆ. ದಿನಕ್ಕೊಬ್ಬ ಮಗು ಊಟಕ್ಕೆ ಮೊದಲು ಎಲ್ಲರ ಕೈಗೆ ನೀರು ಹಾಕುವ ಪಾಳಿ ಹಚ್ಚಿದೆ. ಸಂಗಯ್ಯನ ಪಾಳಿ ಬಂದ ದಿನ ಅವನು ತಂಬಿಗೆ ಹಿಡಿದು ನಿಂತ, ಅಯ್ನೋರ ಕೈಯಿಂದ ಸೇವೆ ಮಾಡಿಸಿಕೊಂಡರೆ ಪಾಪ ಎಂದು ಮಕ್ಕಳು ಕೈ ಚಾಚಲಿಲ್ಲ. ಎಲ್ಲರೂ ತೊಳೆಯದ ಕೈಯಲ್ಲೇ ಉಂಡರು. ಸಂಜೆ ಗುರುಪಾದಪ್ಪನವರು ಆಫೀಸಿಗೆ ಕರೆಸಿದರು. ಚಹಾ ತರಿಸಿದರು. ಬೈಯುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ನಕ್ಕರು.

‘ಬಾಯಿಯವರ, ನಿಮ್ಮ ಮ್ಯಾಲ ನಮ್ಮದೇನೂ ಸಿಟ್ಟಿಲ್ಲ. ನೀವು ಪಾವಣೇರು. ನಮ್ಮ ರೀತಿ ನಿಮಗ ಹ್ಯಾಂಗ ತಿಳೀಬೇಕು? ಚಹಾ ತೊಗೋರಿ.’

ಬೈದಿದ್ದರೆ ವಾದಿಸಬಹುದಿತ್ತು. ಚಹಾ ಕುಡಿದು ಬಂದೆ. ಅವತ್ತು ನನಗೆ ನಿಜವಾಗಿ ಅವಮಾನವಾಯಿತು. ನನ್ನ ಮಾತು ತಪ್ಪು ಅಂತಲೂ ಅವರು ಅನ್ನಲಿಲ್ಲ. ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ದೀಪಾವಳಿಯ ರಜೆಗೆ ಇಲ್ಲಿ ಸೂಟಿ ಅನ್ನುತ್ತಾರೆ. ಸೂಟಿ ಮುಗಿಸಿ ಬಂದಾಗ ತರಗತಿಯಲ್ಲಿ ಒಬ್ಬಳು ಹೊಸ ಹುಡುಗಿ ಕೂತಿದ್ದಳು. ಮಾಯವ್ವ, ಕುರಿ ಕಾಯುವವರ ಮಗಳು. ಅವರದು ಬೀರಪ್ಪನ ಒಕ್ಕಲು. ಅವಳ ಹಣೆಯಿಂದ ನೆತ್ತಿಯವರೆಗೆ ಭಂಡಾರ, ಅಂದರೆ ದೇವರ ಅರಿಸಿನ. ಅಪ್ಪ ಅಮ್ಮನ ಜೊತೆ ಕುರಿಗಳ ಹಿಂದೆ ಊರೂರು ತಿರುಗಿದವಳು. ಜಳಕೋಟ, ಮಾಕಣಿ ಡ್ಯಾಮಿನ ಹಿನ್ನೀರು ಎಲ್ಲ ಅವಳಿಗೆ ಮನೆಯ ಅಂಗಳ. ಆ ವರ್ಷ ಅಜ್ಜಿಯ ಹತ್ತಿರ ಬಿಟ್ಟು ಶಾಲೆಗೆ ಹಾಕಿದ್ದರು. ಅವಳಿಗೆ ಚಾಪೆಯ ಮೇಲೆ ಕೂರುವುದು ಹಿಂಸೆ. ಮೊದಲ ದಿನವೇ ಹೋಗಿ ಸಂಗಯ್ಯನ ಪಕ್ಕದ ಖಾಲಿ ಜಾಗದಲ್ಲಿ ಕೂತಳು. ಕಾರಣ ಸರಳ, ಕಾಲು ಚಾಚಲು ಜಾಗ ಇದ್ದದ್ದು ಅಲ್ಲಿ ಮಾತ್ರ.

ಆಟದಲ್ಲಿ ಅವಳ ಕೈಗೆ ಚೆಂಡು ಬಂತು. ಅಡ್ಡದಾರಿ ಹಿಡಿದ ಕುರಿಯ ಮುಂದೆ ಮಣ್ಣಿನ ಹೆಂಟೆ ಎಸೆದು ತಿರುಗಿಸುವ ಕೈ ಅದು. ಒಬ್ಬೊಬ್ಬರನ್ನಾಗಿ ಔಟು ಮಾಡುತ್ತ ಬಂದಳು. ಉಳಿದದ್ದು ನಡುವೆ ಕೈಕಟ್ಟಿ ನಿಂತ ಸಂಗಯ್ಯ. ಎಸೆದಳು. ಚೆಂಡು ಅವನ ಭುಜಕ್ಕೆ ಧಪ್ಪನೆ ಬಡಿಯಿತು.

‘ಅಯ್ಯಯ್ಯೋ, ಅಯ್ನೋರಿಗಿ ಹೊಡದಳು!’ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಒಬ್ಬಳು ಅಳಲು ಶುರು ಮಾಡಿದಳು.

ಮಾಯವ್ವ ಸೊಂಟದ ಮೇಲೆ ಕೈಯಿಟ್ಟಳು. ‘ಮತ್ತ? ಚೆಂಡ ಹತ್ತಿದ್ರ ಔಟ್ ಅಂತ ಬಾಯಿಯವ್ರೇ ಹೇಳ್ಯಾರ. ಅಂವಾ ಯಾಕ ನಿಂತಾನ? ಓಡ್ಲಿ ಅಂವಾ!’

ಎಲ್ಲರೂ ಸಂಗಯ್ಯನನ್ನು ನೋಡಿದರು. ಅವನು ಭುಜ ಮುಟ್ಟಿಕೊಂಡ. ಕಣ್ಣಲ್ಲಿ ನೀರಿತ್ತು. ಹಾಗೇ ‘ಹೌದು, ನಾ ಔಟ್’ ಎಂದ. ನಾನು ಅವನ ಗಟ್ಟಿ ದನಿ ಕೇಳಿದ್ದು ಅದೇ ಮೊದಲು. ಬೇವಿನ ಮರದ ಕೆಳಗೆ ಓಡಿಹೋಗಿ ಒಂದು ಅಕ್ಷರದ ಮೇಲೆ ಕಾಲಿಟ್ಟು ಓದಿದ. ಸರಿಯಾಗಿತ್ತು. ‘ಸುತ್ತಿಗೆ ಹೋಗು’ ಎಂದೆ. ಅವನು ಹೋಗಲಿಲ್ಲ. ಪಕ್ಕದ ಅಕ್ಷರ ಓದಿದ, ಅದರ ಪಕ್ಕದ್ದು ಓದಿದ, ಸಾಲಿನ ಕೊನೆಯವರೆಗೂ ಓದುತ್ತ ಹೋದ. ಅಷ್ಟು ತಿಂಗಳು ಸುತ್ತಿನ ನಡುವೆ ನಿಂತು, ಬೇರೆಯವರು ಓದುವುದನ್ನು ಕೇಳುತ್ತ, ಎಲ್ಲವನ್ನೂ ಕಲಿತುಬಿಟ್ಟಿದ್ದ. ಆಮೇಲೆ ಅವನು ಸುತ್ತಿಗೆ ಬಂದ, ಓಡಿದ, ಬಿದ್ದ, ಮತ್ತೆ ಔಟಾದ. ಎರಡನೇ ಸಲ ಯಾರೂ ಕೂಗಲಿಲ್ಲ.

ಮರುದಿನ ಬೆಳಿಗ್ಗೆ ಗುರುಪಾದಪ್ಪನವರು ಎಂದಿನಂತೆ ಚಪ್ಪಲಿ ಕಳಚಿ ಬಂದರು. ಸುದ್ದಿ ಆಗಲೇ ಊರು ಸುತ್ತಿತ್ತು. ಮಾಯವ್ವನನ್ನು ಶಾಲೆ ಬಿಡಿಸಿದರೆ ನಾನೂ ಬಿಡುತ್ತೇನೆ ಎಂದು ರಾತ್ರಿಯೇ ಗಂಡನಿಗೆ ಹೇಳಿಯಾಗಿತ್ತು. ಗುರುಪಾದಪ್ಪನವರು ಬಗ್ಗಿ ಹುಡುಗನ ಕಾಲು ಮುಟ್ಟಿದರು.

‘ಅಯ್ನೋರ, ನಿನ್ನಿ ಚೆಂಡ ಹತ್ತಿತಂತಲ್ರಿ?’

‘ಹೂಂರಿ’ ಎಂದ ಸಂಗಯ್ಯ, ಬಹುಮಾನ ಬಂದವನ ಹಾಗೆ. ‘ಇಲ್ಲಿ ಹತ್ತಿತು. ಮಾಯವ್ವ ಹೊಡದಳು.’

ಹಿರಿಯರು ಬಗ್ಗಿದಲ್ಲೇ ಅವನ ಮುಖ ನೋಡಿದರು. ಆಮೇಲೆ ಹೇಳಿದರು: ‘ಓಡಬೇಕ್ರಿ ಅಯ್ನೋರ. ನಿಂತ್ರ ಹತ್ತತದ.’

ಅಷ್ಟು ಹೇಳಿ ಆಫೀಸಿಗೆ ಹೋದರು. ಇಂದಿಗೂ ದಿನಾ ಕಾಲು ಮುಟ್ಟುತ್ತಾರೆ. ಮಕ್ಕಳು ದಿನಾ ಚೆಂಡು ಎಸೆಯುತ್ತಾರೆ. ಸಂಗಯ್ಯನ ಹೊಟ್ಟೆನೋವು ನಿಂತಿತು. ಬೇಸಿಗೆಯ ಹೊತ್ತಿಗೆ ಅವನ ಅಪ್ಪ, ‘ಎರಡನೇತ್ತನೂ ಇಲ್ಲೇ ಓದ್ಲಿ’ ಎಂದರಂತೆ. ಎರಡನೇತ್ತ ಅಂದರೆ ಎರಡನೇ ತರಗತಿ. ಸುದ್ದಿ ಹೇಳಲು ನನ್ನ ಮನೆಗೆ ಬಂದ ಅವನ ತಾಯಿ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಕೂತಳು.

ಆ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವನು ಔಟಾಗಿದ್ದ, ನಾನು ಇನ್ನೂ ಪಾವಣೇರು. ನನ್ನ ಪಾಳಿ ಬಂದದ್ದು ಏಪ್ರಿಲ್‌ನಲ್ಲಿ. ಕಾಶೀಬಾಯಿ ಮಾಳಿಗೆಯ ಮೇಲೆ ಹಪ್ಪಳ ಹಾಕಿದ್ದಳು. ಒಣಗಿದ ಬಟ್ಟೆ ತರಲು ಹೋದ ನಾನು ನೋಡದೆ ಒಂದು ಸಾಲನ್ನು ತುಳಿದುಬಿಟ್ಟೆ.

‘ಏ ಬಾಯಿ! ಕಣ್ಣ ಎಲ್ಲಿಟ್ಟೀ ನೀ? ಮುಂಜಾನಿಂದ ಬೆನ್ನ ಮುರಕೊಂಡು ಹಾಕೀನಿ, ಕುಣದಾಡ್ತೀ ಅದರ ಮ್ಯಾಲ! ಇಳಿ ಕೆಳಗ, ಹಿಟ್ಟ ನಾದು ಬಾ!’

ಇಳಿದು ಬಂದು ಹಿಟ್ಟು ನಾದಿದೆ. ನನ್ನ ಹಪ್ಪಳಗಳಿಗೂ ಬೈದಳು, ಒಂದೂ ದುಂಡಗೆ ಇರಲಿಲ್ಲ. ರಾತ್ರಿ ಅನ್ನ ಮಾಡಲಿಲ್ಲ, ಹಿತ್ತಾಳೆಯ ತಟ್ಟೆ ತೆಗೆಯಲಿಲ್ಲ. ಒಲೆಯ ಹತ್ತಿರ ಕೂತು ಅವರೆಲ್ಲರ ಜೊತೆ ರೊಟ್ಟಿ ಮುರಿದು ತಿಂದೆ. ಯಾರೂ ನನ್ನನ್ನು ನೋಡಲಿಲ್ಲ. ಈ ಊರಿಗೆ ಬಂದ ಮೇಲೆ ಅಷ್ಟು ನೆಮ್ಮದಿಯಾಗಿ ಉಂಡಿರಲಿಲ್ಲ.

ಮೇ ತಿಂಗಳಲ್ಲಿ ಮದ್ದೂರಿಗೆ ಹೋದೆ. ಬೆಳಿಗ್ಗೆ ಎದ್ದು ಪೊರಕೆ ಹಿಡಿದರೆ ಅತ್ತಿಗೆ ಕಿತ್ತುಕೊಂಡಳು. ಮುದ್ದೆ ತೊಳಸಲು ಹೋದರೆ ಅಮ್ಮ, ‘ಸುಮ್ಕೆ ಕೂತ್ಕೊಳವ್ವ, ನಾಕ್ ದಿನುಕ್ ಬಂದೋಳು ನೀನ್ಯಾಕ್ ಮಾಡೀಯೆ’ ಎಂದಳು. ನಾನು ‘ಇರ್ಲಿ ಬಿಡ್ರಿ’ ಅಂದೆ. ನನ್ನ ‘ರಿ’ ಕೇಳಿ ಅಣ್ಣನ ಮಕ್ಕಳು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಅಮ್ಮ ಬೀರುವಿನಿಂದ ನೆಂಟರಿಗೆ ಇಟ್ಟಿದ್ದ ಹೊಸ ತಟ್ಟೆ ತೆಗೆದು, ಒರೆಸಿ, ನನ್ನ ಮುಂದೆ ಇಟ್ಟಳು. ಎಲ್ಲರೂ ಸುತ್ತ ನಿಂತರು, ನಾನು ಉಣ್ಣುವುದನ್ನು ನೋಡಲು. ನಾನು ಹುಟ್ಟಿದ ಮನೆಯ ನಡುಮನೆಯಲ್ಲಿ, ಸುತ್ತಿನ ನಡುವೆ ನಿಂತ ಸಂಗಯ್ಯನ ಹಾಗೆ, ಕೈಕಟ್ಟಿ ಕೂತಿದ್ದೆ. ಯಾರೂ ನನ್ನ ಕಡೆ ಚೆಂಡು ಎಸೆಯಲಿಲ್ಲ.